ಎಲ್ಲರೂ ‘ಪಾಪ’ ಅಂತಾರೆ

ಕೋವಿಡ್ ಮುಗಿಯಿತೆಂದು ಎಲ್ಲರೂ ನಂಬತೊಡಗಿದ ವರ್ಷ ಅದು. ಮಾಸ್ಕುಗಳು ಮೂಗಿನಿಂದ ಗದ್ದಕ್ಕಿಳಿದು, ಗದ್ದದಿಂದ ಜೇಬಿಗೆ ಸೇರಿದ್ದವು. ಆಸ್ಪತ್ರೆಯೊಳಗೆ ಮಾತ್ರ ಇನ್ನೂ ಮುಖದ ಮೇಲೇ ಉಳಿದಿದ್ದವು. ನಾನು ಆಗ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ, ನಿವೃತ್ತಿ ಹತ್ತಿರದಲ್ಲಿತ್ತು. ಆಡಿಯಾಲಜಿಸ್ಟ್ ಎಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವವರು. ನಾನು ಅದರ ಜೊತೆಗೆ ಮಾತು ಕಲಿಸುವ ಸ್ಪೀಚ್ ಥೆರಪಿಯನ್ನೂ ಓದಿಕೊಂಡವಳು. ಎರಡನ್ನೂ ಸೇರಿಸಿ ಜನ ಇಟ್ಟ ಹೆಸರು ‘ಕಿವಿ ಡಾಕ್ಟ್ರಮ್ಮ’. ನಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದೆ. ‘ಹಂಗಾದ್ರೆ ಡಾಕ್ಟ್ರು ಯಾವಾಗ ಬತ್ತಾರೆ’ ಎಂದು ಕೇಳುತ್ತಿದ್ದರು. ತಿದ್ದುವುದನ್ನು ಬಿಟ್ಟುಬಿಟ್ಟೆ.

ನಮ್ಮಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಮನೆಗೆ ಹೋಗುವ ಮುನ್ನ ಒಂದು ಸಣ್ಣ ಪರೀಕ್ಷೆ ಮಾಡುತ್ತಿದ್ದೆವು. ಒ.ಎ.ಇ. ಎಂದು ಅದರ ಹೆಸರು. ಮಗುವಿನ ಕಿವಿಯಲ್ಲಿ ಮೆತ್ತನೆಯ ರಬ್ಬರ್ ತುದಿಯ ಪ್ರೋಬ್ ಇಟ್ಟು ಸದ್ದು ಕಳಿಸಿದರೆ, ಸರಿಯಾಗಿರುವ ಒಳಗಿವಿ ತಾನೂ ಒಂದು ಸೂಕ್ಷ್ಮ ಸದ್ದನ್ನು ಹಿಂದಕ್ಕೆ ಕಳಿಸುತ್ತದೆ. ಅದು ಸಿಕ್ಕಿದರೆ ಯಂತ್ರದ ಪರದೆಯ ಮೇಲೆ ‘ಪಾಸ್’ ಎಂದು ಬರುತ್ತದೆ, ಸಿಗದಿದ್ದರೆ ‘ರೆಫರ್’ ಎಂದು. ರೆಫರ್ ಎಂದರೆ ಇನ್ನೊಮ್ಮೆ ನೋಡಬೇಕು ಎಂದಷ್ಟೇ ಅರ್ಥ. ಹುಟ್ಟಿದ ಕೂಸಿನ ಕಿವಿಯಲ್ಲಿ ಗರ್ಭದ ಜಿಡ್ಡು ಉಳಿದಿದ್ದರೂ ರೆಫರ್ ಬರುವುದುಂಟು. ಆದರೆ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಹರಕೆ ಹೊರುವ ನಮ್ಮ ಜನಕ್ಕೆ ಪಾಸ್ ಅಲ್ಲದ್ದೆಲ್ಲ ಫೇಲೇ. ‘ಫೇಲ್ ಅಲ್ಲ’ ಎಂದು ವಿವರಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತಿತ್ತು.

ಅಂಥ ಒಂದು ಬೆಳಿಗ್ಗೆ ಹೆರಿಗೆ ವಾರ್ಡಿನಲ್ಲಿ ಭವ್ಯಳ ಮಗುವಿಗೆ ರೆಫರ್ ಬಂತು. ಎರಡೂ ಕಿವಿಗೆ.

ಬೇರೆ ತಾಯಿಯಾಗಿದ್ದರೆ ನಾಲ್ಕು ಮಾತು ಸಮಾಧಾನ ಹೇಳಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆ. ಇಲ್ಲಿ ಹಾಗೆ ಹೋಗುವಂತಿರಲಿಲ್ಲ. ಭವ್ಯಳಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ವಿಶೇಷ ಶಾಲೆಯಲ್ಲಿ ಓದಿ, ತುಟಿಯ ಚಲನೆ ನೋಡಿ ಮಾತನ್ನು ಅರ್ಥ ಮಾಡಿಕೊಳ್ಳುವುದನ್ನು ಚೆನ್ನಾಗಿ ಕಲಿತಿದ್ದಳು. ಅವಳ ಮಾತು ಸ್ವಲ್ಪ ದಪ್ಪ. ಎರಡು ದಿನ ಒಡನಾಡಿದರೆ ಎಲ್ಲವೂ ತಿಳಿಯುತ್ತದೆ. ಗೋಕುಲಂನ ಒಂದು ಬೇಕರಿಯಲ್ಲಿ ಕೇಕಿನ ಮೇಲೆ ಹೂ ಬಿಡಿಸುವುದು ಅವಳ ಕೆಲಸ. ಯೋಗ ಕಲಿಯಲೆಂದು ಮೈಸೂರಿಗೆ ಬಂದು ಅಲ್ಲಿಗೆ ಬರುವ ವಿದೇಶಿಯರಿಗೆ ಕನ್ನಡ ಬಾರದು, ಇವಳಿಗೆ ಯಾರ ಮಾತೂ ಕೇಳದು, ಕೈಸನ್ನೆಯಲ್ಲೇ ವ್ಯಾಪಾರ ಸುಸೂತ್ರ. ಅದೇ ಬೇಕರಿಯ ಓವನ್ ಕೆಟ್ಟಾಗ ರಿಪೇರಿಗೆ ಬಂದ ಮಹೇಶ ಅವಳನ್ನು ನೋಡಿ ಇಷ್ಟಪಟ್ಟು ಮದುವೆಯಾದವನು. ಓವನ್ ಅಷ್ಟು ಸಲ ಕೆಟ್ಟದ್ದು ಹೇಗೆ ಎಂದು ಬೇಕರಿಯವರಿಗೆ ಇವತ್ತಿಗೂ ಅನುಮಾನವಿದೆಯಂತೆ.

ಮಹೇಶನ ತಾಯಿ ಜಯಮ್ಮ. ತಿ. ನರಸೀಪುರದ ಕಡೆಯ ಬೇಸಾಯದ ಮನೆತನ, ಒಂಟಿಕೊಪ್ಪಲಿಗೆ ಬಂದು ನೆಲೆಸಿ ತುಂಬಾ ಕಾಲವಾಗಿತ್ತು. ಮೊದಲ ಹೆರಿಗೆ, ಬಾಣಂತನ ತವರಿನ ಬಾಬತ್ತು. ಆದರೆ ಭವ್ಯಳಿಗೆ ತಾಯಿ ಇರಲಿಲ್ಲ. ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದಳು, ತಂದೆಯೊಬ್ಬರೇ ಬೆಳೆಸಿದ್ದರು. ಹಾಗಾಗಿ ಸೊಸೆಯ ಬಾಣಂತನವನ್ನು ಜಯಮ್ಮನೇ ಸೆರಗು ಬಿಗಿದು ಕೈಗೆತ್ತಿಕೊಂಡಿದ್ದರು. ಮಾತಿನಲ್ಲಿ ಅವರದು ಎತ್ತಿದ ಕೈ. ವಾರ್ಡಿನ ನರ್ಸುಗಳಿಗೆಲ್ಲ ಒಂದೇ ದಿನದಲ್ಲಿ ಅವರ ಮನೆಯ ವಂಶಾವಳಿ ಬಾಯಿಪಾಠವಾಗಿತ್ತು.

ರೆಫರ್ ಎಂದ ಕೂಡಲೇ ಆ ಬಾಯಿ ಕಟ್ಟಿಹೋಯಿತು. ಸ್ವಲ್ಪ ಹೊತ್ತಿನ ಮೇಲೆ, ‘ಇದ್ಕೂ ಅಂಗೇನಾ ಡಾಕ್ಟ್ರಮ್ಮ?’ ಎಂದು ಕೇಳಿದರು.

‘ಈಗಲೇ ಏನೂ ಹೇಳಕ್ಕಾಗಲ್ಲ. ಕಿವಿಯಲ್ಲಿ ಜಿಡ್ಡಿರಬಹುದು. ತಿಂಗಳಾದ ಮೇಲೆ ಕರ್ಕೊಂಡು ಬನ್ನಿ, ದೊಡ್ಡ ಪರೀಕ್ಷೆ ಮಾಡೋಣ’ ಎಂದೆ. ಮಾಸ್ಕ್ ಕೆಳಗೆಳೆದು ಅದನ್ನೇ ಭವ್ಯಳಿಗೂ ನಿಧಾನವಾಗಿ ಹೇಳಿದೆ. ಅವಳು ನನ್ನ ತುಟಿಯನ್ನೇ ನೋಡಿ ತಲೆಯಾಡಿಸಿದಳು. ಆಮೇಲೆ ಮಂಚದ ಸುತ್ತ ನಿಂತಿದ್ದ ನೆಂಟರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವರೆಲ್ಲ ಮಾಸ್ಕ್ ಗದ್ದಕ್ಕಿಳಿಸಿಕೊಂಡು, ಮಗುವನ್ನು ನೋಡುತ್ತ ಏನೇನೋ ಮಾತಾಡುತ್ತಿದ್ದರು. ನನಗೆ ಇನ್ನೂ ಅರ್ಧ ವಾರ್ಡ್ ಬಾಕಿ ಇತ್ತು, ಹೊರಟೆ.

ಹೇಳಿದಂತೆ ತಿಂಗಳು ಕಳೆದ ಮೇಲೆ ಬಂದರು. ಈ ಸಲ ಮಾಡಬೇಕಿದ್ದದ್ದು ಬೆರಾ ಎಂಬ ಪರೀಕ್ಷೆ. ಹಣೆಗೆ, ಕಿವಿಯ ಹಿಂದೆ ಪುಟ್ಟ ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಟಕಟಕ ಸದ್ದು ಬಿಟ್ಟು, ಅದು ನರದ ಮೂಲಕ ಮಿದುಳಿನ ಕಡೆಗೆ ಹೋಗುವಾಗ ಏಳುವ ಅಲೆಗಳನ್ನು ಕಂಪ್ಯೂಟರ್ ದಾಖಲಿಸುತ್ತದೆ. ನೋವಿಲ್ಲ, ಚುಚ್ಚುವುದಿಲ್ಲ. ಒಂದೇ ಕಷ್ಟವೆಂದರೆ ಮಗು ನಿದ್ದೆಯಲ್ಲಿರಬೇಕು. ನಮ್ಮ ವೃತ್ತಿಯ ದೊಡ್ಡ ಗುಟ್ಟು ಇದೇ: ಓದಿದ್ದು ಏನೇ ಇರಲಿ, ದಿನದ ಬಹುಭಾಗ ನಾವು ಬೇರೆಯವರ ಮಕ್ಕಳು ಮಲಗಲಿ ಎಂದು ಕಾಯುತ್ತ ಕೂತಿರುವವರು.

ಜಯಮ್ಮ ಮಗುವನ್ನು ಕಾಲಿನ ಮೇಲೆ ಹಾಕಿಕೊಂಡು ತಟ್ಟಿದರು, ಜೋಗುಳ ಹಾಡಿದರು. ಕಂಠ ಚೆನ್ನಾಗಿತ್ತು. ಪಕ್ಕದ ಕೋಣೆಯ ಸಹಾಯಕಿ ಆಕಳಿಸಿದಳು, ನನಗೂ ಕಣ್ಣು ಎಳೆಯಿತು, ಮಗು ಮಾತ್ರ ಕಿರುಚುತ್ತಲೇ ಇತ್ತು. ಮಹೇಶ ಎತ್ತಿಕೊಂಡು ಕಾರಿಡಾರಿನಲ್ಲಿ ಓಡಾಡಿದ. ಅದೂ ಆಗಲಿಲ್ಲ. ಅಷ್ಟು ಹೊತ್ತೂ ಭವ್ಯ ಮೂಲೆಯ ಕುರ್ಚಿಯಲ್ಲಿ, ತಲೆಗೆ ಬಟ್ಟೆ ಕಟ್ಟಿಕೊಂಡು ನೆಲ ನೋಡುತ್ತ ಕೂತಿದ್ದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೊನೆಗೆ ಅವಳೇ ಎದ್ದು ಬಂದು ಮಗುವನ್ನು ತೆಗೆದುಕೊಂಡಳು. ಎದೆಯ ಮೇಲೆ ಕವುಚಿ ಮಲಗಿಸಿಕೊಂಡು ಗಂಟಲಿನೊಳಗೇ ಒಂದು ಸ್ವರ ಹೊರಡಿಸಿದಳು. ಅದಕ್ಕೆ ರಾಗವಿರಲಿಲ್ಲ, ಮಾತೂ ಇರಲಿಲ್ಲ. ಒಂದೇ ಸಮನೆ ಹೊರಡುವ, ಎದೆ ನಡುಗಿಸುವ ಸದ್ದು. ನಾನು ನೋಡುತ್ತಿದ್ದಂತೆಯೇ ಮಗುವಿನ ಬಿಗಿದ ಮುಷ್ಟಿ ಸಡಿಲವಾಯಿತು. ಅಮ್ಮನ ಎದೆಯ ಮೇಲೆ ಮಲಗಿದ ಹಾಗೆಯೇ ಅದಕ್ಕೆ ಎಲೆಕ್ಟ್ರೋಡ್ ಅಂಟಿಸಿದೆ. ಅಷ್ಟು ಸ್ವಚ್ಛವಾದ ಅಲೆಗಳು ನನ್ನ ಯಂತ್ರದಲ್ಲಿ ಮೂಡಿದ್ದು ಅಪರೂಪ.

ಎರಡೂ ಕಿವಿ ಸರಿಯಾಗಿದ್ದವು.

ನಾನು ಹೇಳಿದ ಕೂಡಲೇ ಜಯಮ್ಮ ಮಾಸ್ಕ್ ಕೆಳಗೆಳೆದು ಎರಡೂ ಕೈ ಮುಗಿದರು. ಕಣ್ಣಿನಿಂದ ನೀರು ಧಾರಾಕಾರ. ಮಗುವಿನ ಕಡೆ ಬಗ್ಗಿ, ‘ಪಾಪ, ನಮ್ಮ ಪಾಪಂಗೆ ಕೇಳ್ಸುತ್ತಂತೆ ಕಣೋ ಮಹೇಶ’ ಎಂದರು. ಮಹೇಶ ಗೋಡೆಗೆ ತಿರುಗಿ ಕಣ್ಣೊರೆಸಿಕೊಂಡ. ಭವ್ಯ ಒಮ್ಮೆ ತಲೆಯೆತ್ತಿ ಅತ್ತೆಯ ಮುಖ ನೋಡಿದಳು. ನಾನು ಅವಳಿಗೆ ಹೇಳಲೆಂದು ಮಾಸ್ಕ್ ತೆಗೆಯುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡುಬಿಟ್ಟಳು. ನಾವು ಬೇಡದ ಮಾತಿಗೆ ಕಿವಿ ಮುಚ್ಚುತ್ತೇವೆ, ಅವಳು ಕಣ್ಣು ಮುಚ್ಚಬೇಕು. ಭುಜ ತಟ್ಟಿದೆ. ತೆರೆಯಲಿಲ್ಲ. ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

‘ನೋಡಿ, ಇಂಗೇ’ ಎಂದರು ಜಯಮ್ಮ, ಕಣ್ಣೊರೆಸಿಕೊಳ್ಳುತ್ತ. ‘ಹದಿನೈದು ದಿನದಿಂದ ಯಾರ ಮಕಾನೂ ನೋಡಲ್ಲ. ಊಟ ಇಟ್ರೆ ಉಣ್ತಾಳೆ. ಕೂಸಿಗೆ ಹಾಲು ಕೊಡ್ತಾಳೆ. ಮಾತಾಡ್ಸುದ್ರೆ ಕಣ್ ಮುಚ್ಕೊಬುಡ್ತಾಳೆ. ಬಾಣಂತಿ ಸನ್ನಿ ಅಂತಾರೆ ಅಕ್ಕಪಕ್ಕದೋರು.’

ಬಾಣಂತಿಯರಿಗೆ ಮನಸ್ಸಿನ ಕಾಯಿಲೆ ಬರುವುದುಂಟು, ಅದಕ್ಕೆ ಚಿಕಿತ್ಸೆಯೂ ಉಂಟು. ನಾನು ಅದನ್ನೇ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಜಯಮ್ಮ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಅವರು ನಿಜವಾಗಿ ಕೇಳಬೇಕೆಂದು ಬಂದ ವಿಷಯಕ್ಕೆ ಬಂದರು. ಅವರ ಮಗಳು ಶೋಭ ಹಾಸನದಲ್ಲಿ ಶಾಲೆಯ ಟೀಚರ್. ಅವಳ ಮಕ್ಕಳು ದೊಡ್ಡವರಾಗಿದ್ದಾರೆ. ತೊಟ್ಟಿಲು ಶಾಸ್ತ್ರ ಮುಗಿದ ಮೇಲೆ ಮಗುವನ್ನು ಅವಳು ಕರೆದುಕೊಂಡು ಹೋಗಿ, ಮಾತು ಬರುವವರೆಗೆ ಸಾಕುತ್ತಾಳೆ. ಎಲ್ಲ ಮಾತಾಡಿ ಆಗಿದೆ. ಸೊಸೆಗೆ ಮಾತ್ರ ಹೇಳಲು ಆಗುತ್ತಿಲ್ಲ.

‘ತಾಯಿ ಮಾತು ಕೇಳಿ ಅಲ್ವಾ ಮಕ್ಳು ಮಾತು ಕಲಿಯೋದು? ಇವ್ಳ ಮಾತೇ ತೊದ್ಲು. ಕಿವಿ ಸರಿಯಾಗಿರೋ ಕೂಸು, ಅದೂ ಅಂಗೇ ಕಲ್ತ್ಬುಟ್ರೆ ನಾಳೆ ಇಸ್ಕೂಲಲ್ಲಿ ನಗಲ್ವಾ ಮೇಡಂ? ಅದ್ಕೇ ನೀವೊಂದ್ ಮಾತು ಹೇಳ್ಬುಡಿ. ನೀವಂದ್ರೆ ಕೇಳ್ತಾಳೆ.’

ಒಂದು ಕ್ಷಣ ನನಗೆ ಸಿಟ್ಟು ನೆತ್ತಿಗೇರಿತು. ಮಗುವಿಗೆ ಕಿವಿ ಕೇಳದಿದ್ದರೆ ಚಿಕಿತ್ಸೆಗೆಂದು ತಾಯಿಯಿಂದ ದೂರ ಒಯ್ಯುತ್ತಿದ್ದರು. ಕೇಳಿಸಿದರೆ ಮಾತು ಕಲಿಸಲೆಂದು ಒಯ್ಯುತ್ತಾರೆ. ಹೇಗಿದ್ದರೂ ಸೋಲುವವಳು ಅವಳೇ. ಆದರೆ ಎದುರಿಗೆ ಕೂತ ಹೆಂಗಸು ಕೆಟ್ಟವರಲ್ಲ. ಸೊಸೆಗೆ ಎಣ್ಣೆ ನೀರು ಹಾಕಿ ಹಾಕಿ ಅವರ ಕೈಬೆರಳು ಸುಕ್ಕಾಗಿದ್ದವು. ಅವರ ಭಯ ನಿಜವಾದ ಭಯ. ಮಹೇಶ ಇಬ್ಬರ ನಡುವೆ ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಹಾಗೆ ನಿಂತಿದ್ದ.

‘ಇಲ್ಲಿ ಹೇಳೋ ಮಾತಲ್ಲ ಇದು, ಜಯಮ್ಮ. ನಾನೇ ನಿಮ್ಮನೆಗೆ ಬರ್ತೀನಿ’ ಎಂದೆ. ನನ್ನ ಮನೆ ಜಯಲಕ್ಷ್ಮಿಪುರಂ. ಅವರ ಮನೆಗೆ ನಡೆದು ಹೋಗುವಷ್ಟೇ ದೂರ.

ಆ ಭಾನುವಾರ ಮಧ್ಯಾಹ್ನ ಹೋದೆ. ಜಯಮ್ಮ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟರು. ಬಾಣಂತಿ ಕೋಣೆಗೆ ಬರಿಗಾಲಲ್ಲಿ ಹೊರಗಿನ ಧೂಳು ತರಬಾರದಲ್ಲ. ಹಿಂಬದಿಯ ಕೋಣೆಯ ಬಾಗಿಲು ತಳ್ಳಿದರೆ ಒಳಗೆ ಗವ್ವೆನ್ನುವ ಕತ್ತಲು. ಕಿಟಕಿ ಮುಚ್ಚಿ ಅದರ ಮೇಲೆ ಕಂಬಳಿ ಹೊದಿಸಿದ್ದರು. ಸಾಂಬ್ರಾಣಿಯ ಹೊಗೆ, ಬೆಳ್ಳುಳ್ಳಿಯ ವಾಸನೆ. ಕಣ್ಣು ಹೊಂದಿಕೊಂಡ ಮೇಲೆ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಭವ್ಯ ಕಾಣಿಸಿದಳು. ತಲೆಗೆ ಬಿಗಿಯಾಗಿ ಸ್ಕಾರ್ಫ್, ಅದರ ಅಂಚಿನಲ್ಲಿ ಹತ್ತಿ ಇಣುಕುತ್ತಿತ್ತು. ಒಂದು ಕೈ ಮಗುವಿನ ಹೊಟ್ಟೆಯ ಮೇಲಿತ್ತು.

‘ಕಿವಿಗೆ ಹತ್ತಿ ಯಾಕೆ ಜಯಮ್ಮ? ಮೊದಲೇ ಕೇಳಲ್ಲ’ ಎಂದೆ.

‘ಕಿವಿ ಕೇಳ್ಸುತ್ತೋ ಇಲ್ವೋ ಅಂತ ಥಂಡಿಗೆ ಗೊತ್ತಾಯ್ತದಾ ಮೇಡಂ?’

ಹಿಯರಿಂಗ್ ಏಡ್ ಎಲ್ಲಿ ಎಂದು ಕೇಳಿದೆ. ಅದು ಬೀರುವಿನಲ್ಲಿತ್ತು. ಅದರಿಂದ ಭವ್ಯಳಿಗೆ ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ. ದನಿಯ ಏರಿಳಿತ ಒಂದಿಷ್ಟು ಗೊತ್ತಾಗುತ್ತದೆ, ಅಷ್ಟೇ. ಸ್ಕಾರ್ಫಿನೊಳಗೆ ಒತ್ತುತ್ತದೆಂದು ತೆಗೆದಿಟ್ಟಿದ್ದರು. ಫೋನ್ ಎಲ್ಲಿ? ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತದೆಂದು ಅದೂ ಬೀರುವಿನಲ್ಲಿ. ಮಹೇಶ ಅವಳೊಡನೆ ಮಾತಾಡುತ್ತಿದ್ದದ್ದೇ ಹೆಚ್ಚಾಗಿ ಮೆಸೇಜಿನಲ್ಲಿ. ಈಗ ಹಜಾರದಲ್ಲಿ ಮಲಗುತ್ತಿದ್ದ ಅವನಿಗೆ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಲಷ್ಟೇ ಪರವಾನಗಿ. ಅದೂ ಕತ್ತಲಲ್ಲಿ. ಕಿವಿಗೆ ಹತ್ತಿ, ಕಣ್ಣಿಗೆ ಕತ್ತಲೆ, ಕೈಗೆ ಫೋನಿಲ್ಲ. ಪ್ರೀತಿಯಿಂದಲೇ, ಒಂದು ಶಾಸ್ತ್ರವೂ ತಪ್ಪದ ಹಾಗೆ, ಆ ಹುಡುಗಿಗೆ ಇದ್ದ ಎಲ್ಲ ದಾರಿಗಳನ್ನೂ ಮುಚ್ಚಿದ್ದರು.

‘ಕಂಬಳಿ ತೆಗೀರಿ’ ಎಂದೆ.

‘ಗಾಳಿ ಬಡಿಯುತ್ತೆ.’

‘ಗಾಜು ಮುಚ್ಚಿರಲಿ. ಗಾಳಿ ಬೇಡ, ಬೆಳಕು ಬರಲಿ. ನಮಗೆ ಮಾತಾಡೋಕೆ ಬಾಯಿ ಸಾಕು, ಅವಳಿಗೆ ಬೆಳಕು ಬೇಕು ಕಣ್ರೀ.’

ಜಯಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಕಂಬಳಿ ಎಳೆದರು. ಭವ್ಯ ಕಣ್ಣು ಕಿರಿದು ಮಾಡಿಕೊಂಡು ನನ್ನನ್ನು ಗುರುತಿಸಿದಳು. ಬೆಳಕು ನನ್ನ ಮುಖದ ಮೇಲೆ ಬೀಳುವಂತೆ ಕುರ್ಚಿ ತಿರುಗಿಸಿ ಕೂತೆ. ಅವಳ ಗದ್ದ ಮುಟ್ಟಿ, ಅವಳು ನೋಡುವವರೆಗೆ ಕಾದು, ಹೇಳಿದೆ: ‘ನಿನ್ನ ಮಗುವಿಗೆ ಕೇಳಿಸುತ್ತೆ. ಎರಡೂ ಕಿವಿ.’

ಅವಳು ನನ್ನನ್ನು ದಿಟ್ಟಿಸಿ, ‘ಸುಳ್ಳು’ ಎಂದಳು.

‘ಸುಳ್ಳಲ್ಲ. ನಾನೇ ನೋಡಿದೀನಿ.’

‘ಸುಳ್ಳು. ಅವ್ರೂ ಸುಳ್ಳು ಹೇಳಿದ್ರು’ ಎಂದು ಬಾಗಿಲಲ್ಲಿ ನಿಂತಿದ್ದ ಗಂಡನ ಕಡೆ ಕೈ ತೋರಿಸಿದಳು. ಒಂದೊಂದು ಮಾತನ್ನೂ ಎತ್ತಿ ಇಡುವವಳಂತೆ ಮುಂದುವರಿಸಿದಳು. ‘ಎಲ್ಲಾರೂ ಪಾಪ ಅಂತಾರೆ. ಆಸ್ಪತ್ರೇಲಿ ಪಾಪ. ಮನೇಲಿ ಪಾಪ. ಅತ್ತೆ ದಿನಾ ಪಾಪ ಪಾಪ ಅಂತಾರೆ. ಕೇಳ್ಸಿದ್ರೆ ಯಾಕೆ ಪಾಪ? ನನ್ನ ಮಗು ಪಾಪ ಅಲ್ಲ.’

ಜಯಮ್ಮನಿಗೆ ಸೊಸೆಯ ಮಾತು ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ನನ್ನ ಕಡೆ ತಿರುಗಿ, ‘ಇದೇನ್ ಮೇಡಂ ಇಂಗಂತಾಳೆ? ಪಾಪನ್ನ ಪಾಪ ಅನ್ನದೆ ಇನ್ನೇನಂತಾರೆ?’ ಎಂದರು.

ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ.

ನಮ್ಮ ಕಡೆ ಎಳೆಗೂಸನ್ನು ಪಾಪ ಅನ್ನುತ್ತೇವೆ. ಪಾಪು ಅನ್ನುವವರೂ ಇದ್ದಾರೆ. ಪಾಪಂಗೆ ಹಾಲು, ಪಾಪ ಮಲಗ್ತು. ಅಯ್ಯೋ ಎಂದು ಮರುಗುವುದಕ್ಕೂ ಅದೇ ಪಾಪ. ಕೇಳುವವರಿಗೆ ಗೊಂದಲವೇ ಇಲ್ಲ, ದನಿಯಲ್ಲೇ ತಿಳಿಯುತ್ತದೆ. ತುಟಿಯಲ್ಲಿ ದನಿ ಕಾಣುವುದಿಲ್ಲ. ಎರಡು ಸಲ ತುಟಿ ಮುಚ್ಚಿ ತೆರೆಯುತ್ತದೆ, ಅಷ್ಟೇ. ಇನ್ನೊಂದು ವಿಷಯವಿದೆ, ಅದು ನಮ್ಮ ವೃತ್ತಿಯವರಿಗೆ ಗೊತ್ತಿರುವುದು. ಕೇಳುವ ಮಕ್ಕಳು ಮಾತನ್ನು ಗಾಳಿಯಿಂದ ಹೆಕ್ಕಿಕೊಳ್ಳುತ್ತವೆ, ಯಾರೂ ಕಲಿಸಬೇಕಿಲ್ಲ. ಕೇಳದ ಮಕ್ಕಳಿಗೆ ಕಲಿಸಿದ ಪದವಷ್ಟೇ ಬರುತ್ತದೆ. ಭವ್ಯಳಿಗೆ ಶಾಲೆಯಲ್ಲಿ ತೊಟ್ಟಿಲ ಚಿತ್ರ ತೋರಿಸಿ ಕಲಿಸಿದ ಪದ ‘ಮಗು’. ತಾಯಿಯಿಲ್ಲದ ಮನೆಯಲ್ಲಿ ಅವಳ ಮುಂದೆ ಯಾವ ಎಳೆಗೂಸೂ ಆಡಿರಲಿಲ್ಲ. ಹಾಗಾದರೆ ‘ಪಾಪ’ ಅವಳಿಗೆ ಬಂದದ್ದು ಎಲ್ಲಿಂದ?

ಅವಳನ್ನೇ ಕೇಳಿದೆ. ‘ಭವ್ಯ, ಪಾಪ ಅಂದ್ರೆ ಏನು?’

ಅವಳು ಬಾಯಿಂದ ಉತ್ತರಿಸಲಿಲ್ಲ. ತಲೆಯನ್ನು ಒಂದು ಕಡೆ ವಾಲಿಸಿದಳು. ಹುಬ್ಬು ಮೇಲೆತ್ತಿ, ಕೆಳತುಟಿ ಮುಂದೆ ಮಾಡಿ, ಲೊಚಗುಟ್ಟುತ್ತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ರೇಷನ್ ಕ್ಯೂನಲ್ಲಿ, ಇವಳಿಗೆ ಕಿವಿ ಕೇಳದೆಂದು ತಿಳಿದ ಕೂಡಲೇ ಜನ ಮಾಡುವ ಮುಖ ಅದು. ಹುಟ್ಟಿದಾಗಿನಿಂದ ನೋಡಿ ನೋಡಿ ಒಂದು ಗೆರೆಯೂ ತಪ್ಪದ ಹಾಗೆ ಕಲಿತಿದ್ದಳು.

ಜಯಮ್ಮ ಮಂಚದ ಅಂಚಿಗೆ ಕುಸಿದು ಕೂತರು. ಆ ಮುಖದಲ್ಲಿ ಅವರಿಗೆ ಅಕ್ಕಪಕ್ಕದವರು ಕಂಡರೋ, ತಾವೇ ಕಂಡರೋ, ನಾನು ಕೇಳಲಿಲ್ಲ.

‘ಅಯ್ಯೋ ಶಿವನೆ’ ಎಂದರು. ‘ನಾನು ಬೆಳಗೆದ್ರೆ ಇವ್ಳ ಮುಂದೆ ಪಾಪ ಪಾಪ ಅಂತ ಕುಣಿದಿದೀನಲ್ಲ ಮೇಡಂ. ನೀರು ಹಾಕುವಾಗ ಪಾಪ, ಬಟ್ಟೆ ಸುತ್ತುವಾಗ ಪಾಪ.’

ಭವ್ಯ ತಿಳಿದುಕೊಂಡದ್ದು ಇಷ್ಟು: ಮಗುವಿಗೆ ಕಿವಿ ಕೇಳುವುದಿಲ್ಲ, ಎಲ್ಲರೂ ಅದಕ್ಕೇ ಮರುಗುತ್ತಿದ್ದಾರೆ, ತನಗೆ ಮಾತ್ರ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾರೆ. ಆಸ್ಪತ್ರೆಯಲ್ಲಿ ಅತ್ತೆ ಆನಂದದಿಂದ ಅತ್ತದ್ದನ್ನು ನೋಡಿ ಅದು ಖಚಿತವೇ ಆಗಿತ್ತು. ತನ್ನ ಮಗುವನ್ನು ಯಾರಾದರೂ ಹಾಗೆ ನೋಡುವುದು ಅವಳಿಗೆ ಬೇಕಿರಲಿಲ್ಲ. ತಡೆಯಲಾಗದ್ದಕ್ಕೆ ಕಣ್ಣು ಮುಚ್ಚಿಕೊಂಡಿದ್ದಳು. ಅವಳಿಗೆ ಸನ್ನಿಯೂ ಇರಲಿಲ್ಲ, ಏನೂ ಇರಲಿಲ್ಲ. ತಾಯಿಯಾದವಳ ಸಿಟ್ಟು ಇತ್ತು.

ನಾನು ಮಗುವನ್ನು ತೋರಿಸಿ ಹೇಳಿದೆ: ‘ಇದು ಪಾಪ. ಪಾಪ ಅಂದ್ರೆ ಮಗು. ಚಿಕ್ಕ ಮಗು.’ ಅವಳು ನಂಬಲಿಲ್ಲ. ಇಪ್ಪತ್ತೈದರ ಹತ್ತಿರದ ಹೆಣ್ಣಿಗೆ, ಜೀವಮಾನವಿಡೀ ಚುಚ್ಚಿದ ಪದವೊಂದು ಮುದ್ದಿನ ಪದ ಎಂದರೆ ಒಂದೇ ಸಲಕ್ಕೆ ಹೇಗೆ ನಂಬುತ್ತಾಳೆ?

ನನ್ನ ಥೆರಪಿಯ ವಿದ್ಯೆಯೆಲ್ಲ ಅಲ್ಲಿಗೆ ನಿಂತಿತು. ಮುಂದಿನದ್ದು ಜಯಮ್ಮ ಮಾಡಿದ್ದು. ಅವರು ಎದ್ದು ಹೋಗಿ, ಬಾಗಿಲಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತಿದ್ದ, ಗಡ್ಡ ಬಿಟ್ಟ, ಆರಡಿಯ ಮಗನನ್ನು ರಟ್ಟೆ ಹಿಡಿದು ಬೆಳಕಿಗೆ ಎಳೆದು ತಂದರು. ಅವನ ಎರಡೂ ಕೆನ್ನೆ ಹಿಂಡಿ, ಸೊಸೆಗೆ ಕಾಣುವ ಹಾಗೆ ಬಾಯಿ ದೊಡ್ಡದು ಮಾಡಿ, ‘ಇವ್ನೂ ಪಾಪ. ನನ್ ಪಾಪ’ ಎಂದರು. ಕೈಯಿಂದ ಮೊಳದಷ್ಟು ಅಳತೆ ತೋರಿಸಿ, ಎದೆಗೆ ಹಾಕಿಕೊಂಡು ಹಾಲೂಡಿಸುವ ಹಾಗೆ ಅಭಿನಯಿಸಿ, ಮತ್ತೆ ಅವನ ಕೆನ್ನೆ ಹಿಂಡಿದರು. ‘ಪಾಪ.’ ಮಹೇಶ ಸ್ಕ್ರೂಡ್ರೈವರ್ ಸಮೇತ ತಲೆತಗ್ಗಿಸಿ ಹಿಂಡಿಸಿಕೊಂಡ.

ಭವ್ಯ ಗಂಡನನ್ನು ನೋಡಿದಳು. ಪಕ್ಕದ ಮಗುವನ್ನು ನೋಡಿದಳು. ಮತ್ತೆ ಗಂಡನ ಗಡ್ಡ ನೋಡಿದಳು. ಆಮೇಲೆ ನಕ್ಕಳು.

ತನ್ನ ನಗು ತನಗೇ ಕೇಳದವರ ನಗು ಹೇಗಿರುತ್ತದೆ ಎಂದು ಒಡನಾಡಿದವರಿಗೆ ಗೊತ್ತು. ಅದಕ್ಕೆ ಕಡಿವಾಣವಿರುವುದಿಲ್ಲ. ಆ ನಗು ಕೋಣೆಯನ್ನು ತುಂಬಿ ಹಜಾರ ದಾಟಿ ಬೀದಿಗೆ ಹೋಯಿತು. ಪಕ್ಕದಲ್ಲಿ ಮಲಗಿದ್ದ ಮಗು ಬೆಚ್ಚಿಬಿದ್ದು, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ, ಕಣ್ಣು ಬಿಟ್ಟು, ಮುಖ ಕೆಂಪು ಮಾಡಿಕೊಂಡು ಅಳತೊಡಗಿತು.

ಭವ್ಯಳ ನಗು ಅಲ್ಲಿಗೇ ನಿಂತಿತು. ಯಾರೂ ಮಗುವನ್ನು ಮುಟ್ಟಿರಲಿಲ್ಲ, ಮಂಚ ಅಲುಗಿರಲಿಲ್ಲ. ಅವಳು ನನ್ನ ಕಡೆ ನೋಡಿದಳು. ನಾನು ಸುಮ್ಮನೆ ತಲೆಯಾಡಿಸಿದೆ. ಅವಳು ಮಗುವನ್ನು ಎದೆಗೊತ್ತಿಕೊಂಡು ಗಂಟಲಿನ ಆ ಸ್ವರ ಹೊರಡಿಸಿ ಸಮಾಧಾನ ಮಾಡಿದಳು. ಅಳು ನಿಂತ ಮೇಲೆ ಮಗುವನ್ನು ಮಂಚದ ಮೇಲೆ ಮಲಗಿಸಿ, ಮುಟ್ಟದೆ, ಒಂದು ಪಕ್ಕಕ್ಕೆ ಸರಿದು ಮೆಲ್ಲಗೆ ‘ಆ’ ಎಂದಳು. ಮಗು ಕಾಲಾಡಿಸುವುದನ್ನು ನಿಲ್ಲಿಸಿತು. ಇನ್ನೊಂದು ಸಲ ‘ಆ’ ಎಂದಳು. ಅದು ಕಣ್ಣರಳಿಸಿತು.

‘ನಂದು ಕೇಳ್ತು’ ಎಂದಳು ಭವ್ಯ. ‘ನನ್ನ ದನಿ ಕೇಳ್ತು.’

ನಾನು ಅಷ್ಟು ವರ್ಷದ ಸರ್ವೀಸಿನಲ್ಲಿ ರೋಗಿಗಳ ಮುಂದೆ ಅತ್ತವಳಲ್ಲ. ಅವತ್ತು ಅತ್ತೆ.

ಆದರೆ ಹಾಸನದ ವಿಷಯ ಹಾಗೇ ಉಳಿದಿತ್ತು. ಜಯಮ್ಮ ನನ್ನನ್ನು ಹಜಾರಕ್ಕೆ ಕರೆದುಕೊಂಡು ಬಂದು ಕಾಫಿ ಕೊಟ್ಟು, ‘ಎಲ್ಲಾ ಸರಿ ಮೇಡಂ, ಆದ್ರೆ ಕೂಸಿಗೆ ಮಾತು?’ ಎಂದರು. ಹಿಡಿದದ್ದನ್ನು ಸುಲಭಕ್ಕೆ ಬಿಡುವವರಲ್ಲ. ನಾನೂ ಸಮಾಧಾನದ ಮಾತು ಹೇಳಲಿಲ್ಲ, ನನಗೆ ತಿಳಿದದ್ದನ್ನು ಹೇಳಿದೆ. ಕಿವಿ ಸರಿಯಿರುವ ಮಗು ಒಬ್ಬರಿಂದ ಮಾತು ಕಲಿಯುವುದಿಲ್ಲ, ಮನೆಯಲ್ಲಿ ಆಡುವ ಎಲ್ಲರಿಂದ ಕಲಿಯುತ್ತದೆ. ತಾಯಿಯಿಂದ ಅದಕ್ಕೂ ಮೊದಲಿನದನ್ನು ಕಲಿಯುತ್ತದೆ: ಯಾರ ಹತ್ತಿರ ಮಾತಾಡಬೇಕು ಎನ್ನಿಸುತ್ತದೆ ಎಂಬುದನ್ನು. ಎದೆಯಿಂದ ಬಿಡಿಸಿ ಹಾಸನಕ್ಕೆ ಕಳಿಸಿದ ಮಗು ಸ್ಪಷ್ಟವಾಗಿ ಮಾತಾಡಬಹುದು. ಅಮ್ಮನ ಹತ್ತಿರ ಆಡಲು ಅದಕ್ಕೆ ಮಾತೇ ಇರುವುದಿಲ್ಲ.

‘ತೊದಲು ಕಲಿತರೆ ನನ್ನ ಹತ್ತಿರ ಕರ್ಕೊಂಡು ಬನ್ನಿ, ನಾನಿದೀನಿ. ಅಲ್ಲ ಜಯಮ್ಮ, ನೀವಿರೋ ಮನೇಲಿ ಮಾತಿಗೆ ಬರಾನಾ?’

ಒಳಗೆ ಮಹೇಶ ಕಿಸಕ್ಕನೆ ನಕ್ಕದ್ದು ಕೇಳಿಸಿತು. ಜಯಮ್ಮ ಮುಖ ಬಿಗಿದುಕೊಂಡು ನೋಡಿದರು. ತಡೆಯಲಾಗದೆ ತಾವೂ ನಕ್ಕರು. ನಾನು ಕಾಫಿ ಮುಗಿಸಿದೆ. ಲೋಟ ತೆಗೆದುಕೊಳ್ಳುವಾಗ ಹೇಳಿದರು: ‘ಶೋಭಂಗೆ ಫೋನ್ ಮಾಡ್ತೀನಿ. ತೊಟ್ಲು ಶಾಸ್ತ್ರಕ್ಕೆ ಬಾ, ಹೋಳಿಗೆ ಉಣ್ಣು, ಸೀರೆ ಉಟ್ಕೊ, ಒಬ್ಳೇ ವಾಪಸ್ ಹೋಗು ಅಂತೀನಿ.’

ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಫೋನ್ ಹೊರಗೆ ಬಂತು. ಹಿಯರಿಂಗ್ ಏಡ್ ಕೂಡ ಬಂತು. ಹತ್ತಿಯ ವಿಷಯದಲ್ಲಿ ಮಾತ್ರ ಜಯಮ್ಮ ಒಂದು ಅಂಗುಲವೂ ಜಗ್ಗಲಿಲ್ಲ: ಏಡ್ ಹಾಕುವಾಗ ಹತ್ತಿ ತೆಗೆಯುವುದು, ಏಡ್ ತೆಗೆದ ಕೂಡಲೇ ಹತ್ತಿ ಇಡುವುದು ಎಂದು ರಾಜಿಯಾಯಿತು.

ಈ ಪ್ರಕರಣದ ನಂತರ ನನ್ನ ಕೆಲಸದ ರೀತಿಯೇ ಬದಲಾಯಿತು. ಕೇಳದ ತಾಯಿ ಇರುವ ಮನೆಯವರು ಬಂದರೆ ಯಂತ್ರಕ್ಕೆ ಕೈ ಹಾಕುವ ಮುನ್ನ, ನಿಮ್ಮ ಮನೆಯಲ್ಲಿ ಮಗುವನ್ನು ಏನೆಂದು ಕರೆಯುತ್ತೀರಿ ಎಂದು ಕೇಳುತ್ತಿದ್ದೆ. ಕೆಲವರು ಕೂಸು ಎಂದರು, ಕೆಲವರು ಪುಟ್ಟ, ಚಿನ್ನಿ, ಬಂಗಾರಿ. ಆ ಪದವನ್ನು ತಾಯಿಯ ಎದುರು ಕೂತು, ಅವಳ ಕಣ್ಣು ನೋಡಿ, ಮಗುವಿನ ಮೇಲೆ ಕೈಯಿಟ್ಟು ಹೇಳಿಸುತ್ತಿದ್ದೆ. ಪರೀಕ್ಷೆಯ ಯಾವ ನಿಯಮದಲ್ಲೂ ಇದು ಬರೆದಿಲ್ಲ. ಜೂನಿಯರ್‌ಗಳು ಮೇಡಂಗೆ ವಯಸ್ಸಾಯಿತು ಎಂದುಕೊಂಡಿರಬಹುದು.

ಮಗುವಿಗೆ ನಿಧಿ ಎಂದು ಹೆಸರಿಟ್ಟರು. ಒಂದೂವರೆ ವರ್ಷ ತುಂಬಿದಾಗ ನಿಯಮದಂತೆ ಮತ್ತೆ ತಪಾಸಣೆಗೆ ಕರೆಸಿದ್ದೆ. ನಾನು ನಿವೃತ್ತಳಾಗುವ ತಿಂಗಳು ಅದು. ಅವರು ಬಂದದ್ದು ನನಗೆ ಕಾರಿಡಾರಿನ ಆ ತುದಿಯಿಂದಲೇ ಗೊತ್ತಾಯಿತು. ‘ಅಜ್ಜೀ, ಬಾ’ ಎಂಬ ಕೂಗು ಅಷ್ಟು ಸ್ಪಷ್ಟವಾಗಿತ್ತು. ಒಳಗೆ ಬಂದ ಮೇಲೆ ಫ್ಯಾನ್ ತೋರಿಸಿ ಫ್ಯಾನ್ ಎಂದಿತು, ನನ್ನ ಕನ್ನಡಕ ಕಿತ್ತುಕೊಂಡಿತು, ಜಯಮ್ಮ ಗದರಿದ್ದಕ್ಕೆ ಅವರಿಗೇ ಬೆರಳು ತೋರಿಸಿ ಗದರಿತು. ಮಾತಿನಲ್ಲಿ ಅಜ್ಜಿಯ ಮೊಮ್ಮಗಳು ಎಂಬುದರಲ್ಲಿ ಸಂದೇಹವಿರಲಿಲ್ಲ.

ಭವ್ಯ ಕಿಟಕಿಯ ಹತ್ತಿರ ನಿಂತು ಹೊರಗೆ ನೋಡುತ್ತಿದ್ದಳು, ನಮಗೆ ಬೆನ್ನು ಮಾಡಿ. ಮಗುವಿಗೆ ಅಮ್ಮ ಬೇಕೆನಿಸಿತು. ಅಲ್ಲಿಯವರೆಗೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಮಗು ಈಗ ಕೂಗಲಿಲ್ಲ. ತಟಪಟ ನಡೆದುಕೊಂಡು ಹೋಗಿ, ಅಮ್ಮನನ್ನು ಸುತ್ತಿ ಬಂದು, ಅವಳ ಮುಂದೆ ನಿಂತಿತು. ಮೊಣಕಾಲು ತಟ್ಟಿತು. ಅವಳು ಬಗ್ಗಿ ನೋಡುವವರೆಗೆ ಕಾದಿತು. ಕಣ್ಣಿಗೆ ಕಣ್ಣು ಸೇರಿದ ಮೇಲೆ ತುಟಿ ತೆರೆದು ‘ಅಮ್ಮ’ ಎಂದಿತು. ದನಿ ಇರಲಿಲ್ಲ. ತುಟಿ ಮಾತ್ರ.

ಭವ್ಯ ಅದನ್ನು ಎತ್ತಿಕೊಂಡಳು.

‘ನಮ್ಗೆಲ್ಲ ಕಿರುಚುತ್ತೆ ಮೇಡಂ, ಅವ್ಳಿಗೊಬ್ಳಿಗೆ ಮಾತ್ರ ಎದುರಿಗೋಗಿ ನಿಂತ್ಕೊಳುತ್ತೆ. ಯಾರೂ ಹೇಳ್ಕೊಟ್ಟಿಲ್ಲ’ ಎಂದರು ಜಯಮ್ಮ.

ನಾನು ಕೆಲಸಕ್ಕೆ ಸೇರಿದ ದಿನದಿಂದ ಎಷ್ಟೋ ಮನೆಗಳವರಿಗೆ ಹೇಳಿದ್ದೇ ಇದನ್ನು. ಹಿಂದಿನಿಂದ ಕೂಗಬೇಡಿ, ಎದುರಿಗೆ ಬನ್ನಿ, ಅವರು ನೋಡುವವರೆಗೆ ಕಾಯಿರಿ, ಆಮೇಲೆ ಮಾತಾಡಿ. ತಲೆಯಾಡಿಸಿ ಹೋಗುತ್ತಿದ್ದರು, ಮನೆಗೆ ಹೋಗಿ ಮತ್ತೆ ಹಿಂದಿನಿಂದಲೇ ಕೂಗುತ್ತಿದ್ದರು. ನಾನು ಪಾಠವಾಗಿ ಹೇಳಿದ್ದನ್ನು ಆ ಮಗು ಅಮ್ಮನ ಜೊತೆ ಇದ್ದೇ ಕಲಿತಿತ್ತು. ಮಾತು ಕಲಿಸುವ ಕೆಲಸ ನನಗೆ ಕೊನೆಗೆ ಕಲಿಸಿದ್ದು ಅಷ್ಟೇ: ಯಾರಿಗೆ ಹೇಳಬೇಕೋ ಅವರ ಎದುರಿಗೆ ಹೋಗಿ ನಿಲ್ಲಬೇಕು.